ವಾಶಿಯಿಂದ ಬಂದ ಮಡಿ

ಮಾತನಾಡದೆ ಇರುವುದಕ್ಕೂ ಡಾಕ್ಟರರ ಹತ್ತಿರ ಹೋಗಬೇಕಾಗುತ್ತದೆ ಎಂದು ನನಗೆ ಬಹಳ ವರ್ಷ ಗೊತ್ತಿರಲಿಲ್ಲ. ಉಡುಪಿಯ ಹತ್ತಿರದ ನಮ್ಮ ಹಳ್ಳಿಗೆ ನನ್ನನ್ನು ನೋಡಲು ಗಂಡಿನವರು ಬಂದಾಗ ನಾನು ಬಾಯಿ ಬಿಡಲಿಲ್ಲ, ಕಣ್ಣೆತ್ತಲಿಲ್ಲ. ಹೆಸರು ಕೇಳಿದರೆ ಚಾಪೆಯ ಅಂಚಿನ ನಾರು ಕಿತ್ತೆ. ಅವರು ಅದನ್ನೇ ಗುಣವೆಂದು ಮೆಚ್ಚಿ, ಹೂ ಮುಡಿಸಿ ಹೋದರು. ಎಷ್ಟೋ ವರ್ಷಗಳ ಮೇಲೆ ನನ್ನ ಮೊಮ್ಮಗಳು ಹಾಗೇ ಕೂತದ್ದನ್ನು ನೋಡಿ ಠಾಣೆಯ ಆಸ್ಪತ್ರೆಯಲ್ಲಿ ಆಟಿಸಂ ಎಂದರು. ನನ್ನದು ಬರೀ ನಾಚಿಕೆ, ಅವಳದು ಬೇರೆಯೇ ಬಗೆ ಎಂದು ತಿಳಿಯಲು ನನಗೆ ಸ್ವಲ್ಪ ಕಾಲ ಹಿಡಿಯಿತು. ಹಳ್ಳಿ ಶಾಲೆಯಲ್ಲಿ ಏಳನೆಯ ಕ್ಲಾಸಿನವರೆಗೆ ಓದಿದವಳು ನಾನು. ತಿಳಿಯುವುದು ನಿಧಾನ.

ಆ ಮೊಮ್ಮಗಳೇ ನಿಮ್ಮ ಅಕ್ಕ. ನೀವಿಬ್ಬರೂ ಆಗ ಹುಟ್ಟಿರಲಿಲ್ಲ. ನಿಮ್ಮ ಅಜ್ಜ ತೀರಿಕೊಂಡ ಮೇಲೆ ನಾನು ಮಗುವನ್ನು ನೋಡಿಕೊಳ್ಳಲು ಡೊಂಬಿವಲಿಗೆ, ಮಗಳ ಮನೆಗೆ ಬಂದಿದ್ದೆ. ನಿಮ್ಮ ಅಮ್ಮನ ಆಫೀಸು ನವಿ ಮುಂಬಯಿಯಲ್ಲಿ, ನಿಮ್ಮ ಅಪ್ಪನ ಪಾಲುದಾರಿಕೆಯ ಹೋಟೆಲು ಕಲ್ಯಾಣ ಸ್ಟೇಷನ್ನಿನ ಹೊರಗೆ. ಇಬ್ಬರೂ ಬೆಳಗಾಗುವಾಗಲೇ ಎದುರುಬದುರಿನ ಲೋಕಲ್ ಟ್ರೈನ್ ಹಿಡಿದು ಹೋಗುತ್ತಿದ್ದರು. ಮನೆಯಲ್ಲಿ ಮಾತನಾಡದವರು ಇಬ್ಬರು ಉಳಿಯುತ್ತಿದ್ದೆವು. ನಮಗೆ ತೊಂದರೆ ಏನೂ ಇರಲಿಲ್ಲ.

ಅಕ್ಕ ಪೂರ್ತಿ ಮೂಕಿ ಅಲ್ಲ. ಗ್ಯಾಲರಿಯ ಕಂಬಿ ಹಿಡಿದು ನಿಂತು ಲೋಕಲ್‌ನಲ್ಲಿ ಬರುವ ಹೆಂಗಸಿನ ದನಿಯಲ್ಲಿ ಹೇಳುತ್ತಿದ್ದಳು: “ಪುಢೀಲ ಸ್ಟೇಶನ್ ದಿವಾ. ಅಗಲಾ ಸ್ಟೇಶನ್ ದಿವಾ. ನೆಕ್ಸ್ಟ್ ಸ್ಟೇಶನ್ ದಿವಾ.” ಮೂರು ಭಾಷೆ, ಒಂದು ತಪ್ಪಿಲ್ಲ. ಮುಂದಿನ ಸ್ಟೇಷನ್ ಯಾವುದೆಂದು ಹೇಳುವ ಹುಡುಗಿ ಎದುರಿಗೆ ನಿಂತವಳು ಯಾರೆಂದು ಮಾತ್ರ ಹೇಳುತ್ತಿರಲಿಲ್ಲ. ಸಂಜೆ ನಿಮ್ಮ ಅಮ್ಮ ಬೆವರಿ ಬಂದು, ಚಪ್ಪಲಿ ಬಿಡುವ ಮೊದಲೇ ಮೊಣಕಾಲೂರಿ ಕೂತು ಕೇಳುತ್ತಿದ್ದಳು: “ನಾನು ಯಾರು ಪುಟ್ಟಾ? ಹೇಳು, ಅಮ್...” ಅಕ್ಕ ಅವಳ ಭುಜದ ಮೇಲಿನಿಂದ ಬಾಗಿಲ ಚಿಲಕ ನೋಡುತ್ತಿದ್ದಳು. ನಿಮ್ಮ ಅಮ್ಮನಿಗೆ ಬೇಕಾಗಿದ್ದುದು ಆ ಒಂದು ಮಾತು. ಮುಂದೆ ನಡೆದದ್ದೆಲ್ಲ ಅದಕ್ಕಾಗಿಯೇ.

ಠಾಣೆಯ ಆಸ್ಪತ್ರೆಯವರು ಹೇಳಿದ್ದು ಸರಳವಾಗಿತ್ತು. ಮಾತು ಕಲಿಸುವ ಟೀಚರ ಹತ್ತಿರ ಕಳಿಸಿ, ಮಗುವಿನ ಜೊತೆ ಕೂತು ಆಡಿ, ತಾಳ್ಮೆ ಇರಲಿ. ನಿಮ್ಮ ಅಮ್ಮ ಟೀಚರನ್ನು ಹುಡುಕಿದಳು, ಆಡಿದಳು. ಆದರೆ ತಾಳ್ಮೆ ಬಾಟಲಿಯಲ್ಲಿ ಬರುವುದಿಲ್ಲ, ಊಟದ ಮೊದಲೋ ನಂತರವೋ ಎಂದು ಅದಕ್ಕೆ ಹೊತ್ತಿಲ್ಲ. ಆಫೀಸಿನಲ್ಲಿ ದಿನವಿಡೀ ಕೆಲಸ ಮುಗಿಸಿ ಮುಗಿಸಿ ರೂಢಿಯಾದ ಹೆಂಗಸಿಗೆ ಸುಮ್ಮನೆ ಕಾಯಿರಿ ಎಂದರೆ ಅದು ಚಿಕಿತ್ಸೆಯ ಹಾಗೆ ಕಾಣುವುದಿಲ್ಲ.

ಈ ಖಾಲಿ ಜಾಗಕ್ಕೆ ಸಲಹೆಗಾರರು ಬಂದರು. ವಿಚಿತ್ರವೆಂದರೆ ಪ್ರತಿಯೊಬ್ಬರ ಬೆರಳೂ ಮಗುವಿನ ಹೊಟ್ಟೆಯನ್ನೇ ತೋರಿಸುತ್ತಿತ್ತು. ಎಲ್ಲರೂ ಕಾಕು ಎನ್ನುತ್ತಿದ್ದ ಪಕ್ಕದ ಮನೆಯ ಮರಾಠಿ ಹೆಂಗಸು, “ಪೋಟ್ ಸಾಫ್ ತರ ಡೋಕಂ ಸಾಫ್,” ಎಂದು, ಹೊಟ್ಟೆ ಶುದ್ಧವಾದರೆ ತಲೆಯೂ ಶುದ್ಧವೆಂದು ತೀರ್ಪು ಕೊಟ್ಟರು. ಕೋಪರಿಯಲ್ಲಿದ್ದ ನಮ್ಮ ನೆಂಟರೊಬ್ಬರು ಹರಳೆಣ್ಣೆ ಹೇಳಿದರು. ಟಿಟ್ವಾಳಾ ಗಣಪತಿಗೆ ಹರಕೆ ಹೇಳಿ ಎಂದವರು ಕೂಡ ಡೊಳ್ಳುಹೊಟ್ಟೆಯ ದೇವರನ್ನೇ ಆರಿಸಿದ್ದರು. ಕೊನೆಗೆ ನಿಮ್ಮ ಅಮ್ಮ ಮೊಬೈಲಿನಲ್ಲಿ ಇಂಥ ಮಕ್ಕಳ ತಾಯಂದಿರ ಒಂದು ಗುಂಪು ಸೇರಿದಳು. ಆ ಗುಂಪು ನಮ್ಮನ್ನು ವಾಶಿಗೆ ಕಳಿಸಿತು.

ವಾಶಿಯ ಡಾಕ್ಟರ ಕೋಣೆ ಬಹಳ ಎತ್ತರದ ಕಟ್ಟಡದಲ್ಲಿತ್ತು. ನನಗೆ ಲಿಫ್ಟಿನಲ್ಲಿ ಕಿವಿ ಮುಚ್ಚಿತು, ಅಕ್ಕನಿಗೆ ಲಿಫ್ಟು ಹೇಳುವ ಮಹಡಿಗಳೆಲ್ಲ ಬಾಯಿಪಾಠವಾದವು. ಒಳಗೆ ದೇವರ ಪಟ ಇರಬೇಕಾದ ಜಾಗದಲ್ಲಿ ಕರುಳಿನ ಪಟ ಇತ್ತು. ಗುಲಾಬಿ ಬಣ್ಣದ್ದು, ಸುತ್ತಿ ಸುತ್ತಿ ಜಿಲೇಬಿಯ ಹಾಗೆ. ಒಂದು ಮಲ್ಲಿಗೆ ಹಾರ ಹಾಕಿದ್ದರೆ ಕೈಮುಗಿಯಬಹುದಿತ್ತು.

“ಮ್ಯಾಡಮ್,” ಎಂದರು ಡಾಕ್ಟರು, ತಮ್ಮ ತಲೆ ಮುಟ್ಟಿಕೊಂಡು, “ಪ್ರಾಬ್ಲಮ್ ಯಹಾಂ ನಹೀ ಹೈ.” ಆಮೇಲೆ ಹೊಟ್ಟೆ ತಟ್ಟಿಕೊಂಡರು. “ಯಹಾಂ ಹೈ.”

ಮಗುವಿನ ಕರುಳು ಸೋರುತ್ತಿದೆಯಂತೆ. ಗೋಧಿ ಮತ್ತು ಹಾಲು ಆ ತೂತಿನಿಂದ ನುಗ್ಗಿ ರಕ್ತ ಸೇರಿ, ತಲೆಗೇರಿ, ಅಮಲು ಹತ್ತಿಸುತ್ತದಂತೆ. ಅದಕ್ಕೇ ಮಾತು ಬರುವುದಿಲ್ಲವಂತೆ. ನಮ್ಮ ಕಟ್ಟಡದ ಪೈಪುಗಳೂ ಹಾಗೇ ಸೋರುತ್ತಿದ್ದುದರಿಂದ ನನಗೆ ಅರ್ಥವಾಗುವುದು ಕಷ್ಟವಾಗಲಿಲ್ಲ. ಅಮಲು ಹತ್ತಿದವರು ಮಾತು ನಿಲ್ಲಿಸುವುದು ಮಾತ್ರ ಹೊಸದು. ನಮ್ಮ ಊರಲ್ಲಿ ಅಂಥವರು ಮಾತು ಶುರು ಮಾಡುತ್ತಿದ್ದರು. ಆದರೆ ನಾನು ಕೇಳಲಿಲ್ಲ.

“ಆಜೀ, ಆಪ್ ಇಸ್ಕೋ ಕ್ಯಾ ಖಿಲಾತೀ ಹೋ?” ಎಂದು ಅವರು ನನ್ನ ಕಡೆ ತಿರುಗಿದರು. ನಾನು ಸೆರಗಿನ ಅಂಚು ನೋಡಿದೆ. ನಿಮ್ಮ ಅಮ್ಮನೇ ಉತ್ತರ ಕೊಟ್ಟಳು: “ಮೊಸರನ್ನ. ಮತ್ತೆ ಬಿಸ್ಕಿಟು.”

ಅಕ್ಕ ತಿನ್ನುತ್ತಿದ್ದುದು ನಿಜವಾಗಿ ಅವೆರಡನ್ನೇ. ಡಾಕ್ಟರು ಮಗುವಿಗೆ ಇಲಿಪಾಷಾಣ ತಿನ್ನಿಸಿದವರನ್ನು ನೋಡುವ ಹಾಗೆ ನನ್ನನ್ನು ನೋಡಿದರು. ಹಾಲು, ಮೊಸರು, ತುಪ್ಪ, ಗೋಧಿ, ಮೈದಾ, ರವೆ, ಸಕ್ಕರೆ ಎಲ್ಲ ಬಂದ್. ಅಂದರೆ ಹೋಟೆಲಿನವನ ಮಗಳಿಗೆ ಹೋಟೆಲಿನಲ್ಲಿ ಉಳಿದದ್ದು ನೀರು. ಹೊರಡುವಾಗ ಒಂದು ಒಳ್ಳೆಯ ಮಾತನ್ನೂ ಆಡಿದರು: “ಹಿಂಗ್ ಅಚ್ಛಾ ಹೈ ಪೇಟ್ ಕೇ ಲಿಯೇ. ಜ್ಯಾದಾ ಡಾಲೋ.” ನನಗೆ ಹಿಗ್ಗಾಯಿತು. ಒಬ್ಬ ಡಾಕ್ಟರು ನನ್ನ ಅಡುಗೆಮನೆಯ ವಸ್ತುವೊಂದನ್ನು ಮೆಚ್ಚಿದ್ದು ಅದೇ ಮೊದಲು. ಅವತ್ತಿನಿಂದ ಸಾರಿಗೆ ಹಿಂಗು ಎರಡರಷ್ಟು ಬಿತ್ತು.

ಆಮೇಲೆ ಮನೆಗೆ ಮಡಿ ಬಂತು.

ಮಡಿ ಎಂದರೇನೆಂದು ನೀವು ನೋಡಿಲ್ಲ. ಊರಿನಲ್ಲಿ ನನ್ನ ಅತ್ತೆಯ ಕಾಲದಲ್ಲಿ ಒದ್ದೆ ಸೀರೆ ಉಟ್ಟವರು ಮಾತ್ರ ಒಲೆಯ ಹತ್ತಿರ ಹೋಗಬಹುದಿತ್ತು. ಅವರನ್ನು ಯಾರೂ ಮುಟ್ಟಬಾರದು, ಅವರ ಸೌಟು ಬೇರೆ, ಅವರ ಕೊಡಪಾನ ಬೇರೆ. ಅನ್ನದ ಪಾತ್ರೆ ಮುಟ್ಟಿದ ಕೈಯಲ್ಲಿ ಮೊಸರಿನ ಭರಣಿ ಮುಟ್ಟಿದರೆ ಮನೆ ಅಲ್ಲಾಡುತ್ತಿತ್ತು. ಡೊಂಬಿವಲಿಯ ಪುಟ್ಟ ಅಡುಗೆಮನೆಗೆ ಬಂದಾಗ ನನಗಾದ ಮೊದಲ ಸಂತೋಷವೆಂದರೆ ಇಲ್ಲಿ ಮಡಿಗೆ ಜಾಗವೇ ಇಲ್ಲ ಎಂಬುದು. ಈಗ ಅದು ವಾಶಿಯಿಂದ ಟ್ರೈನ್ ಹಿಡಿದು ಬಂತು. ಅಕ್ಕನ ತವಾ ಬೇರೆ, ಅಕ್ಕನ ಸೌಟು ಬೇರೆ, ಗುರುತಿಗೆ ಹಿಡಿಕೆಗೆ ಕೆಂಪು ದಾರ. ಚಪಾತಿ ಹಿಟ್ಟು ಮುಟ್ಟಿದ ಕೈಯನ್ನು ಮೊಣಕೈವರೆಗೆ ತೊಳೆಯದೆ ಮಗುವನ್ನು ಮುಟ್ಟುವಂತಿಲ್ಲ. ಎಂಜಲು, ಮುಸುರೆ ಎಂಬ ಹಳೆಯ ಮಾತುಗಳನ್ನು ಬಿಟ್ಟು ನಿಮ್ಮ ಅಮ್ಮ ಕಂಟಾಮಿನೇಶನ್ ಎನ್ನುತ್ತಿದ್ದಳು. ಹೆಸರು ಬದಲಾದರೂ ದನಿ ನನ್ನ ಅತ್ತೆಯದೇ.

ಒಂದು ರಾತ್ರಿ ಊಟದ ಹೊತ್ತಿಗೆ ನಿಮ್ಮ ಅಪ್ಪ ಬಂದರು.

“ಅಲ್ಲೇ ನಿಲ್ಲಿ,” ಎಂದಳು ನಿಮ್ಮ ಅಮ್ಮ. “ಅಂಗಿ ಬಾಗಿಲ ಹತ್ರವೇ ತೆಗೀರಿ. ಸ್ನಾನ ಮಾಡಿ ಒಳಗೆ ಬನ್ನಿ.”

“ಎಂತ ಆಯ್ತು ಮಾರಾಯ್ತಿ? ಯಾರು ಹೋದ್ರು?”

“ಯಾರೂ ಹೋಗ್ಲಿಲ್ಲ. ನಿಮ್ಮ ಮೈಯಲ್ಲಿ ಮೈದಾ ಉಂಟು.”

“ನಾನು ಗಲ್ಲೆಯಲ್ಲಿ ಕೂತು ದುಡ್ಡು ತಗೊಳ್ಳುವವ. ಪರೋಟ ಲಟ್ಟಿಸಿ ಬಂದದ್ದಲ್ಲ.”

“ಗಾಳಿಯಲ್ಲಿ ಬಂದು ಕೂತ್ಕೊಳ್ತದೆ. ಗುಂಪಿನಲ್ಲಿ ಹಾಕಿದ್ದಾರೆ.”

ನಿಮ್ಮ ಅಪ್ಪ ಅಂಗಿಯ ಗುಂಡಿ ಬಿಚ್ಚುತ್ತ ನನ್ನ ಕಡೆ ನೋಡಿದರು. “ಅತ್ತೆ, ನಮ್ಮ ಅಜ್ಜಿ ತೀರಿಹೋದ್ರು ಅಂತ ನಾನು ಗ್ರಹಿಸಿದ್ದೆ. ಇಲ್ಲ, ಡೊಂಬಿವಲಿಗೆ ಟ್ರಾನ್ಸ್‌ಫರ್ ಆಗಿ ಬಂದಿದ್ದಾರೆ.”

ನಾನು ನಗು ತಡೆಯಲು ಸಾರಿನ ಪಾತ್ರೆಯ ಮೇಲೆ ಬಗ್ಗಿದೆ.

ಮಡಿಯಲ್ಲಿ ಸಂದುಗೊಂದು ಇಲ್ಲದೆ ಇರುತ್ತದೆಯೇ? ಏಕಾದಶಿಗೆ ಅನ್ನ ಉಣ್ಣಬಾರದು, ಆದರೆ ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಅವಲಕ್ಕಿ ನಡೆಯುತ್ತದೆ. ಅವಲಕ್ಕಿ ಯಾವ ಮರದಲ್ಲಿ ಬಿಡುತ್ತದೆ ಎಂದು ಯಾರೂ ಕೇಳುವುದಿಲ್ಲ. ಇಲ್ಲಿಯೂ ಹಾಗೇ. ಹಸುವಿನ ಹಾಲು ವಿಷ, ಒಂಟೆಯ ಹಾಲು ಅಮೃತ. ಅದರ ಪುಡಿ ಡಾಕ್ಟರ ಕೌಂಟರಿನಲ್ಲೇ ಸಿಗುತ್ತಿತ್ತು. ನಿಮ್ಮ ಅಪ್ಪ ಒಂದು ಚಮಚ ಬಾಯಿಗೆ ಹಾಕಿಕೊಂಡು, “ಒಂಟೆ ಯಾಕೆ ಯಾವಾಗಲೂ ಆ ನಮೂನೆ ಮುಖ ಮಾಡ್ತದೆ ಅಂತ ಈಗ ಗೊತ್ತಾಯ್ತು,” ಎಂದರು. ಅಕ್ಕನ ಕೂದಲು ಕತ್ತರಿಸಿ ಪರೀಕ್ಷೆಗೂ ಕಳಿಸಿದೆವು. ಅದರಲ್ಲಿ ಸೀಸ, ತಾಮ್ರ, ಪಾದರಸ, ನಾನು ಹೆಸರು ಕೇಳದ ಲೋಹಗಳೆಲ್ಲ ಉಂಟೆಂದು ಬಂತು. ನಿಮ್ಮ ಅಪ್ಪ ಕಾಗದ ಹಿಂದೆಮುಂದೆ ತಿರುಗಿಸಿ, “ಚಿನ್ನ ಇಲ್ವಾ?” ಎಂದು ಕೇಳಿ ಬೈಸಿಕೊಂಡರು.

ಹೋಳಿ ಹಬ್ಬಕ್ಕೆ ಕಾಕು ಪುರಣಪೋಳಿ, ಅಂದರೆ ನಮ್ಮ ಹೋಳಿಗೆ, ತಂದರು. ನಿಮ್ಮ ಅಮ್ಮ ಹೊಸ್ತಿಲಲ್ಲೇ ಕೈ ಅಡ್ಡ ಹಿಡಿದಳು. “ನಕೋ ಕಾಕು. ಗೋಧಿ ಉಂಟು, ತುಪ್ಪ ಉಂಟು.”

ಕಾಕು ತಟ್ಟೆಯನ್ನೂ ಅವಳನ್ನೂ ನೋಡಿದರು. ತಮ್ಮ ಹಿಂದಿಯಲ್ಲಿ, “ಅರೇ, ತೋ ಕ್ಯಾ ಖಾಲೀ ಥಾಲೀ ಚಾಟೇಗೀ?” ಎಂದು, ಬರೀ ತಟ್ಟೆ ನೆಕ್ಕಬೇಕೇ ಎಂಬ ಅರ್ಥದಲ್ಲಿ ಗೊಣಗಿ ಹಿಂದಿರುಗಿದರು. ಮರುದಿನದಿಂದ ಅವರ ಮನೆಯ ಬಾಗಿಲು ಅರ್ಧ ಮಾತ್ರ ತೆರೆಯುತ್ತಿತ್ತು.

ನಗುವುದು ಈಗ ಸುಲಭ. ಆಗ ಅಕ್ಕ ಮೊಸರನ್ನದ ತಟ್ಟೆ ಕಾಣದೆ ಮೊದಮೊದಲು ಅತ್ತಳು, ಆಮೇಲೆ ಅಳುವುದನ್ನೂ ಬಿಟ್ಟು ಫ್ರಿಜ್ಜಿನ ಬಾಗಿಲಿಗೆ ಹಣೆ ಒತ್ತಿಕೊಂಡು ನಿಂತಳು. ಕುತ್ತಿಗೆ ಸಣ್ಣಗಾಯಿತು. ನಿಮ್ಮ ಅಮ್ಮನೂ ತಿನ್ನುವುದನ್ನು ಬಿಟ್ಟಳು. ಬಟ್ಟಲು ಹಿಡಿದು ಅವಳ ಹಿಂದೆ ಸುತ್ತುತ್ತ, “ಇದೊಂದು ತಿನ್ನು, ನಿನಗೆ ಮಾತು ಬರ್ತದೆ,” ಎನ್ನುತ್ತಿದ್ದಳು. ಅವಳನ್ನು ನೋಡಿದರೆ ನನಗೆ ವಾಶಿಯವರ ಮೇಲೆ ಸಿಟ್ಟು ಬರುತ್ತಿತ್ತು, ಅವಳ ಮೇಲೆ ಬರುತ್ತಿರಲಿಲ್ಲ. ಅವಳು ಬುದ್ಧಿಯಿಲ್ಲದೆ ನಂಬಿದವಳಲ್ಲ. ತಾಳ್ಮೆ ಎಂದವರು ಅವಳ ಕೈಗೆ ಏನೂ ಕೊಟ್ಟಿರಲಿಲ್ಲ. ಇವರು ತವಾ ತೊಳೆಯುವ ಕೆಲಸವನ್ನಾದರೂ ಕೊಟ್ಟಿದ್ದರು. ಕೊನೆಗೆ ಅಕ್ಕ ಸೋತು ಅನ್ನಕ್ಕೆ ನನ್ನ ಸಾರು ಕಲಸಿದರೆ ತಿನ್ನತೊಡಗಿದಳು. ಎರಡರಷ್ಟು ಹಿಂಗಿನ ಸಾರು.

ಅಷ್ಟರಲ್ಲಿ ಒಂದು ಬದಲಾವಣೆ ಕಂಡಿತು. ನಿಮ್ಮ ಅಮ್ಮ ರಜೆಯ ದಿನ ಅಂಗಡಿಗೆ ಹೋದರೆ ಪ್ರತಿ ಪ್ಯಾಕೆಟ್ಟಿನ ಹಿಂದಿನ ಸಣ್ಣಕ್ಷರವನ್ನು ಬೆರಳಿಟ್ಟು ಗಟ್ಟಿಯಾಗಿ ಓದುತ್ತಿದ್ದಳು. ಓದಿ, ಗೋಧಿಯೋ ಹಾಲೋ ಸಿಕ್ಕಿದೊಡನೆ ಪ್ಯಾಕೆಟನ್ನು ವಾಪಸು ಇಟ್ಟು ಅಂಗಡಿಯವನಿಗೆ, “ನಹೀ ಚಲೇಗಾ, ಭಯ್ಯಾ,” ಇದು ಆಗುವುದಿಲ್ಲ ಅಣ್ಣಾ, ಎನ್ನುತ್ತಿದ್ದಳು. ಅಂಗಡಿಯವನು ನಮ್ಮನ್ನು ಕಂಡರೆ ಬೇರೆ ಗಿರಾಕಿಗಳನ್ನು ಮೊದಲು ಕಳಿಸುತ್ತಿದ್ದ. ಯಾರ ಪಕ್ಕವೂ ನಿಲ್ಲದ ಅಕ್ಕ ಅಲ್ಲಿ ಮಾತ್ರ ಅಮ್ಮನ ತೋಳಿಗೆ ಅಂಟಿಕೊಂಡು ಬೆರಳಿನ ತುದಿ ನೋಡುತ್ತ ನಿಲ್ಲುತ್ತಿದ್ದಳು. ಬೆರಳು ನಿಂತರೆ ತಾನೇ ಹಿಡಿದು ಮುಂದಕ್ಕೆ ತಳ್ಳುತ್ತಿದ್ದಳು.

“ನೋಡಿದ್ಯಾ ಅಮ್ಮ?” ಎಂದಳು ನಿಮ್ಮ ಅಮ್ಮ ದಾರಿಯಲ್ಲಿ, ಕಣ್ಣು ತುಂಬಿಕೊಂಡು. “ಹತ್ರ ಬರ್ತಾಳೆ. ಕರುಳು ಕೂಡಿಕೊಳ್ತಾ ಉಂಟು.”

ಗುಂಪಿಗೂ ಬರೆದಳು. ಹೂವುಗಳು, ಮುಗಿದ ಕೈಗಳು ಸುರಿದವು. ಹೊಸದಾಗಿ ಸೇರಿದ ತಾಯಂದಿರು ಅವಳಿಗೆ ಫೋನ್ ಮಾಡಿ ಸಲಹೆ ಕೇಳತೊಡಗಿದರು. ನಮ್ಮ ಮನೆಯ ಮಡಿ ಪನವೇಲಿನವರೆಗೆ ಹಬ್ಬಿತು.

ಹಿಂಗಿನ ಸಂಗತಿ ಈಗ ಹೇಳಬೇಕು. ಮನೆಯ ಎಲ್ಲ ಸಾಮಾನೂ ಅಂಗಡಿಯಲ್ಲಿ ಈ ಪರೀಕ್ಷೆ ಮುಗಿಸಿ ಬರುತ್ತಿತ್ತು, ಹಿಂಗೊಂದನ್ನು ಬಿಟ್ಟು. ಹಿಂಗು ಹೋಟೆಲಿನಿಂದ ಬರುತ್ತಿತ್ತು. ಅಲ್ಲಿನ ದೊಡ್ಡ ಡಬ್ಬಿಯಿಂದ ನಿಮ್ಮ ಅಪ್ಪ ಸ್ವಲ್ಪ ತೆಗೆದು ತಂದದ್ದನ್ನು ನಾನು ಸ್ಟೀಲಿನ ಕರಡಿಗೆಗೆ ತುಂಬುತ್ತಿದ್ದೆ. ಕರಡಿಗೆಗೆ ಹಿಂದೆ ಬರಹ ಇರುವುದಿಲ್ಲ. ಇದ್ದಿದ್ದರೂ ಯಾರೂ ಓದುತ್ತಿರಲಿಲ್ಲ. ನಮ್ಮವರ ಲೆಕ್ಕದಲ್ಲಿ ಹಿಂಗು ತಿನ್ನುವ ವಸ್ತುವೇ ಅಲ್ಲ, ಹೊಟ್ಟೆಗೆ ಮದ್ದು. ಕೂಸಿನ ಹೊಕ್ಕುಳಿಗೂ ಹಚ್ಚುತ್ತೇವೆ. ಹಿಂಗನ್ನು ಅನುಮಾನಿಸುವುದೆಂದರೆ ತುಳಸಿಕಟ್ಟೆಯನ್ನು ಅನುಮಾನಿಸಿದ ಹಾಗೆ.

ಒಂದು ಭಾನುವಾರ ನಿಮ್ಮ ಅಪ್ಪ ಒಡೆಯದ ಡಬ್ಬಿಯನ್ನೇ ತಂದರು. “ತಗೊಳ್ಳಿ ಅತ್ತೆ, ನೀವು ಈಗ ಹೋಟೆಲಿಗಿಂತ ಜಾಸ್ತಿ ಹಿಂಗು ಖರ್ಚು ಮಾಡ್ತೀರಿ,” ಎಂದು ಅಡುಗೆ ಕಟ್ಟೆಯ ಮೇಲಿಟ್ಟರು. ನಿಮ್ಮ ಅಮ್ಮ ಬಾಗಿಲಲ್ಲಿ ನಿಂತು ಫೋನಿನಲ್ಲಿ ಯಾರೋ ಹೊಸ ತಾಯಿಗೆ ಎರಡು ತವಾಗಳ ವಿಷಯ ಹೇಳುತ್ತಿದ್ದಳು. ಅಕ್ಕ ಬಂದು ಡಬ್ಬಿ ಎತ್ತಿಕೊಂಡಳು, ಹಿಂಬದಿ ತಿರುಗಿಸಿದಳು, ಬೆರಳಿಟ್ಟಳು. ಸ್ಟೇಷನ್ನಿನ ಹೆಂಗಸಿನ ದನಿಯಲ್ಲ, ಸಾಕ್ಷಾತ್ ನಿಮ್ಮ ಅಮ್ಮನ ದನಿಯಲ್ಲಿ, ಇಂಗ್ಲಿಷಿನಲ್ಲಿ ಓದಿದಳು:

“ಎಡಿಬಲ್ ಗಮ್. ವೀಟ್ ಫ್ಲೌರ್.”

ಓದಿ ಡಬ್ಬಿಯನ್ನು ನಿಮ್ಮ ಅಪ್ಪನ ಕೈಗೆ ವಾಪಸು ಕೊಟ್ಟಳು. ಅವರ ಮುಖ ನೋಡಿ ಹೇಳಿದಳು: “ನಹೀ ಚಲೇಗಾ, ಭಯ್ಯಾ.”

ಮಗಳು ಹುಟ್ಟಿದ ಮೇಲೆ ತಂದೆಯ ಮುಖ ನೋಡಿ ಆಡಿದ ಮೊದಲ ಮಾತು ಅದು. ನಿಮ್ಮ ಅಪ್ಪ ಡಬ್ಬಿ ಹಿಡಿದು ನಿಂತವರು, “ಮಾತಾಡಿದ್ಳು,” ಎಂದರು. ಮತ್ತೆ, “ನನ್ನನ್ನು ಭಯ್ಯಾ ಅಂದ್ಳು.” ನಿಮ್ಮ ಅಮ್ಮ ಫೋನ್ ಕೆಳಗಿಟ್ಟು ಡಬ್ಬಿ ಕಸಿದುಕೊಂಡಳು. ಗೋಧಿ ಹಿಟ್ಟು. ಬರೀ ಹಿಂಗು ಬಹಳ ಘಾಟೆಂದು ಹಿಟ್ಟು ಬೆರೆಸಿಯೇ ಮಾಡುತ್ತಾರಂತೆ. ಅಷ್ಟು ಕಾಲ, ಬೆಳಿಗ್ಗೆ ಸಂಜೆ, ಕೆಂಪು ದಾರ ಕಟ್ಟಿದ ಸೌಟಿನಿಂದ ನಾವು ಮಗುವಿಗೆ ಗೋಧಿ ಬಡಿಸಿದ್ದೆವು, ಡಾಕ್ಟರು ಹೇಳಿದರೆಂದು ಎರಡರಷ್ಟು.

ನಿಮ್ಮ ಅಮ್ಮ ನೆಲದ ಮೇಲೆ ಕೂತಳು. ಮೊದಲು ಅಳು ಬಂತು ಎಂದುಕೊಂಡೆ. ಹತ್ತಿರ ಹೋಗಿ ನೋಡಿದರೆ ಅದು ನಗು. ನೋಡುತ್ತಿರುವಾಗಲೇ ಅಳುವಾಯಿತು. “ಅವಳು ನನ್ನ ಹತ್ರ ಬಂದದ್ದು ಓದ್ಲಿಕ್ಕೆ,” ಎಂದಳು. “ಕರುಳು ಅಲ್ಲ ಅಮ್ಮ. ಓದ್ಲಿಕ್ಕೆ.”

ಸಂಜೆ ವಾಶಿಗೆ ಫೋನ್ ಹೋಯಿತು. ಡಾಕ್ಟರು ಸ್ವಲ್ಪವೂ ಅಳುಕಲಿಲ್ಲ. ಗೋಧಿ ತಿಂದೂ ಮಗು ಮಾತನಾಡಿದ್ದರೆ ಕರುಳು ಗುಣವಾಗಿದೆ ಎಂದೇ ಅರ್ಥವಂತೆ, ಇನ್ನು ಎರಡನೆಯ ಹಂತಕ್ಕೆ ಬನ್ನಿ ಎಂದರು. ನಿಮ್ಮ ಅಮ್ಮ ಗುಂಪಿನಲ್ಲಿಯೂ ನಡೆದದ್ದನ್ನು ಇದ್ದ ಹಾಗೆ ಬರೆದಳು. ಅವತ್ತು ಹೂವು ಬರಲಿಲ್ಲ. ಒಬ್ಬಾಕೆ ಮಾತ್ರ, ಹಿಂಗು ಬಿಟ್ಟಿದ್ದರೆ ಇನ್ನೂ ಬೇಗ ಮಾತು ಬರುತ್ತಿತ್ತು ಎಂದಳು. ಮುಂದೆ ಸ್ವಲ್ಪ ದಿನದಲ್ಲೇ ಒಂಟೆ ಹಾಲಿನ ಪಕ್ಕದಲ್ಲಿ, ಡಾಕ್ಟರ ಕೌಂಟರಿನಲ್ಲಿ, ಗೋಧಿಯಿಲ್ಲದ ಹಿಂಗೂ ಪುಟ್ಟ ಬಾಟಲಿಯಲ್ಲಿ ಬಂತೆಂದು ಕೇಳಿದೆವು.

ನಾವು ಎರಡನೆಯ ಹಂತಕ್ಕೆ ಹೋಗಲಿಲ್ಲ. ಅವತ್ತು ರಾತ್ರಿ ಅಕ್ಕನ ತಟ್ಟೆಗೆ ಮೊಸರನ್ನ ಬಿತ್ತು. ಅವಳು ತಲೆ ಎತ್ತದೆ ಉಂಡಳು. ಮಾರನೆಯ ಬೆಳಿಗ್ಗೆ ನಿಮ್ಮ ಅಮ್ಮ ಕಾಕುವಿನ ಬಾಗಿಲು ತಟ್ಟಿ, “ಕಾಕು, ಏನಾದ್ರೂ ಗೋಧಿಯದ್ದು ಉಂಟಾ?” ಎಂದು ಕೇಳಿದಳು. ಬಾಗಿಲು ಪೂರ್ತಿ ತೆರೆಯಿತು.

ಠಾಣೆಯ ಮಾತಿನ ಟೀಚರು ವಿಷಯ ಕೇಳಿ ಮೇಜು ತಟ್ಟಿ ನಕ್ಕರು. ಕೆಲವು ಇಂಥ ಮಕ್ಕಳಿಗೆ ಮಾತಿಗಿಂತ ಮೊದಲು ಅಕ್ಷರ ಒಲಿಯುತ್ತದೆ, ಬಾಗಿಲು ಅಲ್ಲಿದ್ದರೆ ಅಲ್ಲಿಂದಲೇ ಒಳಗೆ ಹೋಗೋಣ, ಮನೆಯ ವಸ್ತುಗಳಿಗೆಲ್ಲ ಹೆಸರು ಬರೆದು ಅಂಟಿಸಿ ಎಂದರು. ಹಗಲು ಮನೆಯಲ್ಲಿರುವವಳು ನಾನು, ನನಗೆ ಬರುವುದು ಕನ್ನಡ ಅಕ್ಷರ. ಊರಿನಿಂದ ತರಿಸುತ್ತಿದ್ದ, ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರಿನ ಹಳೆಯ ಹಾಳೆಗಳು ನನ್ನ ಹತ್ತಿರ ರಾಶಿ ಇದ್ದವು. ಅವುಗಳ ಖಾಲಿ ಬೆನ್ನಿನ ಮೇಲೆ ಬರೆದೆ: ಉಪ್ಪು, ಅಕ್ಕಿ, ಬಾಗಿಲು, ಕಿಟಕಿ. ಅನ್ನದ ಅಗುಳಿನಿಂದ ಅಂಟಿಸಿದೆ. ಅಕ್ಕ ಒಂದೊಂದರ ಮುಂದೆ ನಿಂತು ನನ್ನಿಂದ ಹೇಳಿಸಿಕೊಂಡಳು, ಆಮೇಲೆ ನನ್ನನ್ನು ಕೇಳುವುದನ್ನೇ ಬಿಟ್ಟಳು. ನನ್ನ ಮೇಲೆ ಚೀಟಿ ಅಂಟಿಸಿಕೊಳ್ಳಲು ನನಗೆ ನಾಚಿಕೆ. ಅವಳೇ ಒಂದು ದಿನ ಕರಡಿಗೆಯ ಚೀಟಿ ಕಿತ್ತು ನನ್ನ ಸೆರಗಿಗೆ ಅಂಟಿಸಿದಳು: ಹಿಂಗು. ವಾಸನೆಯ ಲೆಕ್ಕದಲ್ಲಿ ಅದು ತಪ್ಪಲ್ಲ.

ಕೊನೆಗೆ ಒಂದು ಬೆಳಿಗ್ಗೆ ನಿಮ್ಮ ಅಮ್ಮ ಆಫೀಸಿಗೆ ಹೊರಡುವಾಗ ಅವಳ ಕುರ್ತಾಕ್ಕೆ, ಎದೆಯ ಹತ್ತಿರ, ಒಂದು ಚೀಟಿಯನ್ನು ಪಿನ್ನಿನಿಂದ ಚುಚ್ಚಿದೆ. ಅವಳು “ಎಂತ ಇದು ಅಮ್ಮ, ಟ್ರೈನ್ ಹೋಗ್ತದೆ,” ಎನ್ನುತ್ತಿದ್ದಂತೆ ಅಕ್ಕ ಬಂದಳು. ಬೆರಳಿಟ್ಟಳು.

“ಅಮ್ಮ.”

ನಿಮ್ಮ ಅಮ್ಮ ಹೆಗಲಿನ ಚೀಲ ಕೆಳಗಿಟ್ಟಳು. ಅಕ್ಕನ ಕೆಲಸ ಮುಗಿದಿರಲಿಲ್ಲ. ಒಳಗೆ ಏನೇನು ಹಾಕಿದ್ದಾರೆಂದು ನೋಡದೆ ಅವಳು ಯಾವುದನ್ನೂ ಒಪ್ಪುವವಳಲ್ಲ. ಚೀಟಿಯನ್ನು ಮೆಲ್ಲಗೆ ತಿರುಗಿಸಿದಳು. ಹಿಂದೆ ಕ್ಯಾಲೆಂಡರಿನ ದಪ್ಪ ಅಕ್ಷರ. ಅದನ್ನೂ ಓದಿದಳು. ಆಮೇಲೆ ಚೀಟಿ ಬಿಟ್ಟು, ಕತ್ತೆತ್ತಿ, ಬಾಗಿಲ ಚಿಲಕವನ್ನಲ್ಲ, ಮುಖವನ್ನು ನೋಡಿ ಪೂರ್ತಿಯಾಗಿ ಕರೆದಳು:

“ಅಮ್ಮ ಮಂಗಳವಾರ.”

ಅದು “ನಹೀ ಚಲೇಗಾ” ಅಲ್ಲ ಎಂಬುದೇ ನಮಗೆ ದೊಡ್ಡದಾಯಿತು. ನಿಮ್ಮ ಅಮ್ಮ ಚೀಟಿ ತೆಗೆಯದೆಯೇ ಟ್ರೈನ್ ಹತ್ತಿದಳು. ಲೇಡೀಸ್ ಡಬ್ಬಿಯಲ್ಲಿ ಯಾರಿಗೂ ಕನ್ನಡ ಓದಲು ಬಾರದೆಂದು ಠಾಣೆಯಲ್ಲಿ ಗಾಡಿ ಬದಲಿಸಿ ವಾಶಿಯವರೆಗೂ ಹಾಗೇ ಹೋದಳಂತೆ.

ಅಕ್ಕ ಅಮ್ಮನನ್ನು ಶುಕ್ರವಾರವೂ ಯಾಕೆ ಮಂಗಳವಾರ ಎಂದು ಕರೆಯುತ್ತಾಳೆ ಎಂದು ನೀವಿಬ್ಬರೂ ಕೇಳಿದ್ದಿರಿ. ಎದುರಿಗೆ ಹೇಳಲು ನನಗೆ ನಾಲಿಗೆ ಏಳುವುದಿಲ್ಲ, ಅದಕ್ಕೆ ಬರೆದೆ. ನಿಮಗೆ ಕನ್ನಡ ಮಾತು ತಿಳಿಯುತ್ತದೆ, ಅಕ್ಷರ ಬಾರದು. ಈ ಮನೆಯ ಮಕ್ಕಳಲ್ಲಿ ಕನ್ನಡ ಓದುವವಳು ಅವಳೊಬ್ಬಳೇ. ಆದ್ದರಿಂದ ಇದನ್ನು ಅವಳೇ ನಿಮಗೆ ಓದಿ ಹೇಳಬೇಕು. ನಡುವೆ ನಿಲ್ಲಿಸಬೇಡಿ, ಅವಳು ಒಂದಕ್ಷರವನ್ನೂ ಬಿಡುವುದಿಲ್ಲ, ನಾನು ಹೊಡೆದು ಹಾಕಿದ್ದನ್ನೂ ಓದುತ್ತಾಳೆ. ಹಾಳೆಗಳ ಹಿಂದೆ ಏನೂ ಇಲ್ಲವೆಂದು ಈ ಸಲ ನೋಡಿಕೊಂಡೇ ಬರೆದಿದ್ದೇನೆ.